ಅತ್ತೆ ತೊರವಿಯಲ್ಲಿ ಇಳಿಯಲಿಲ್ಲ

ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿ. ಸೀಗಿ ಹುಣ್ಣಿಮೆ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಟಿಕೋಟಾದ ನಮ್ಮ ಮನೆಯಲ್ಲಿ, ನನ್ನ ಟ್ರಂಕಿನೊಳಗಿಂದ ಒಂದು ಸೀರೆ ಕಾಣೆಯಾಯಿತು. ಅದನ್ನು ಹುಡುಕಿಕೊಂಡು, ನಮ್ಮ ಬಾಯಲ್ಲಿ ಇಜಾಪುರವಾಗಿದ್ದ ವಿಜಯಪುರದವರೆಗೆ ನಾನು ಒಬ್ಬಳೇ ಹೋದೆ. ಮೊಮ್ಮಕ್ಕಳೇ, ಮನೆಗೆ ಯಾರಾದರೂ ಬಂದರೆ ಅಜ್ಜಿ ಅಡುಗೆಮನೆ ಸೇರುತ್ತಾಳೆ ಎಂದು ನೀವು ನಗುತ್ತೀರಿ. ಅಂಥ ಅಜ್ಜಿ ಒಮ್ಮೆ ತುಂಬಿದ ಬಜಾರದಲ್ಲಿ ನಿಂತು ಕೂಗಾಡಿದ್ದಳು ಅಂದರೆ ನಂಬುತ್ತೀರಾ? ನಂಬಲಿಕ್ಕಿಲ್ಲ ಎಂದೇ ಬರೆದಿಡುತ್ತಿದ್ದೇನೆ.

ನನ್ನ ತವರು ಬಬಲೇಶ್ವರದ ಹತ್ತಿರದ ಜೈನಾಪುರ. ಅಲ್ಲಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತೆ. ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಬರುವ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಮದುವೆಯ ಹಿಂದಿನ ವರ್ಷ ನನ್ನ ಅವ್ವ ತೀರಿಕೊಂಡಳು. ಅವಳ ಗುರುತಿಗೆ ನನ್ನ ಬಳಿ ಉಳಿದದ್ದು ಒಂದೇ, ಹಸಿರು ಇಳಕಲ್ಲ ಸೀರೆ, ಕೆಂಪು ಅಂಚು, ಕೆಂಪು ಸೆರಗು. ನಡುವೆ ಉಟ್ಟು ಉಟ್ಟು ಜಾಳಾಗಿತ್ತು, ಉಡುವ ಹಾಗಿರಲಿಲ್ಲ. ಆದರೆ ಗಂಡನ ಮನೆಯಲ್ಲಿ ಬೇಸರವಾದಾಗ ಟ್ರಂಕು ತೆರೆದು ಅದರಲ್ಲಿ ಮುಖವಿಟ್ಟರೆ ಒಲೆಯ ಹೊಗೆ, ಕೊಬ್ಬರಿ ಎಣ್ಣೆ, ಅವ್ವ ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿದ್ದವು.

ನಿಮ್ಮ ಅಜ್ಜ ಟಿಕೋಟಾದ ಸಾಲೆಯಲ್ಲಿ ಮಾಸ್ತರರು. ವಿಜಯಪುರಕ್ಕೆ ಹೋದಾಗಲೆಲ್ಲ ಅಲ್ಲಿಯ ವಾಚನಾಲಯದಿಂದ ನನಗಾಗಿ ಒಂದು ಪುಸ್ತಕ ತರುತ್ತಿದ್ದರು. ಆ ಸಲ ತಂದದ್ದು ಒಂದು ಪತ್ತೇದಾರಿ ಕಾದಂಬರಿ. ರಟ್ಟು ಹರಿದಿದ್ದರಿಂದ ಅದರ ಹೆಸರೇನು, ಬರೆದವರು ಯಾರು, ಎರಡೂ ನನಗೆ ಗೊತ್ತಾಗಲಿಲ್ಲ. ಅದರಲ್ಲಿ ಚಂಪಾ ಎಂಬ ಹುಡುಗಿ. ಅವಳೇನು ಪೊಲೀಸಿನವಳಲ್ಲ, ಒಬ್ಬ ಗುಮಾಸ್ತನ ಮಗಳು. ಓಣಿಯಲ್ಲಿ ಏನೇ ಕಳವಾದರೂ ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು, ಕೈಯಲ್ಲಿ ಕೊಡೆ ಹಿಡಿದು ಕಳ್ಳರ ಬೆನ್ನು ಹತ್ತುತ್ತಿದ್ದಳು. ಒಂದು ಕಡೆ ಕಳ್ಳನೆಂದು ತಿಳಿದು ಊರ ಗೌಡರಿಗೇ ಕೊಡೆಯಿಂದ ಬಾರಿಸುತ್ತಾಳೆ. ಇನ್ನೊಂದು ಕಡೆ ಕಾಳು ತುಂಬುವ ದೊಡ್ಡ ವಾಡೆಯೊಳಗೆ ಅಡಗಿ ಕೂತು ಹೊರಗೆ ಬರಲಾರದೆ ಒದ್ದಾಡುತ್ತಾಳೆ. ಆದರೂ ಅವಳ ಒಂದು ಮಾತು ನನಗೆ ಬಹಳ ಹಿಡಿಸಿತ್ತು. ಕಳ್ಳರನ್ನು ಹಿಡಿಯಬೇಕಾದರೆ ಮುಖ ನೋಡಬೇಡ, ಕಾಲು ನೋಡು ಎಂದು ಅವಳು ಹೇಳುತ್ತಿದ್ದಳು. ಮುಖವನ್ನು ಎಲ್ಲರೂ ಬಚ್ಚಿಡುತ್ತಾರೆ, ಕಾಲನ್ನು ಮರೆಯುತ್ತಾರೆ.

ಮಧ್ಯಾಹ್ನ ಮುಸುರೆ ಮುಗಿದ ಮೇಲೆ ಪಕ್ಕದ ಮನೆಯ ಮಾಬೂಬಿ ನಮ್ಮ ಹಿತ್ತಲಿಗೆ ಬರುತ್ತಿದ್ದಳು. ನನ್ನದೇ ವಯಸ್ಸು, ಓದಲು ಬರುತ್ತಿರಲಿಲ್ಲ. ನಾನು ಮೆಲ್ಲಗೆ ಓದುವುದು, ಅವಳು ಬಾಯಿಗೆ ಸೆರಗು ಒತ್ತಿ ನಗುವುದು. ಗೋಡೆಯ ಆಚೆ ನನ್ನ ಅತ್ತೆ ಗಂಗವ್ವ ಮುಖದ ಮೇಲೆ ಸೆರಗು ಹೊದ್ದು ಮಲಗಿರುತ್ತಿದ್ದರು. ಅತ್ತೆಗೆ ಮಾತು ಕಡಿಮೆ. ಮಾವ ತೀರಿಕೊಂಡಾಗಿನಿಂದ ಹೊಲ ಮನೆ ಎರಡನ್ನೂ ಒಬ್ಬರೇ ನಡೆಸಿದವರು. ಅವರು ಒಮ್ಮೆ ಕೆಮ್ಮಿದರೆ ನನ್ನ ಕೈಯಲ್ಲಿನ ಲಟ್ಟಣಿಗೆ ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ದಿನ ಟ್ರಂಕು ತೆರೆದರೆ ಸೀರೆ ಇಲ್ಲ.

ಎಲ್ಲ ಬಟ್ಟೆ ಹೊರಗೆ ಹಾಕಿದೆ. ಇಲ್ಲ. ಬೀಗ ಮುರಿದಿರಲಿಲ್ಲ. ಕೀಲಿಕೈ ದೇವರ ಮಾಡದಲ್ಲಿ ಇಟ್ಟಲ್ಲೇ ಇತ್ತು. ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ ಅವರು ತಾಯಿಯನ್ನು ಕೇಳುತ್ತಾರೆ, ಅತ್ತೆಯನ್ನು ಕೇಳಿದರೆ ಕಳವು ಹೊರಿಸಿದ ಹಾಗಾಗುತ್ತದೆ. ಮಾಬೂಬಿಗೆ ಹೇಳಿದೆ. ಅವಳ ಕಣ್ಣು ಅರಳಿದವು.

"ಅಕ್ಕಾ, ಚಂಪಾ ಆಗಿದ್ರ ಏನ ಮಾಡತಿದ್ಲು?"

ಚಂಪಾ ಆಗಿದ್ದರೆ ಹೆಜ್ಜೆ ಗುರುತು ನೋಡುತ್ತಿದ್ದಳು. ಕಳ್ಳರು ಮತ್ತೆ ಅದೇ ಜಾಗಕ್ಕೆ ಬರುತ್ತಾರೆ ಎಂದು ಆ ಪುಸ್ತಕದಲ್ಲಿತ್ತು. ಅಂದು ಸಂಜೆ ಟ್ರಂಕಿನ ಸುತ್ತ ಜೋಳದ ಹಿಟ್ಟು ಚೆಲ್ಲಿದೆ. ಬೆಳಿಗ್ಗೆ ನೋಡಿದರೆ ಬೆಕ್ಕಿನ ಹೆಜ್ಜೆ, ಇಲಿಯ ಹೆಜ್ಜೆ, ಎಲ್ಲಕ್ಕಿಂತ ಚೊಕ್ಕವಾಗಿ ನನ್ನವೇ ಹೆಜ್ಜೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಇಲಿಗಳಿಗೆ ರೊಟ್ಟಿ ಬಡಿಯೂದ ಕಲಿಸಾಕತ್ತೀಯೇನ ಬೇ?" ಅಂದರು. ಅಷ್ಟೇ. ಹಿಟ್ಟು ಗುಡಿಸಿದೆ.

ಮಾಬೂಬಿ ಬಳೆಗಾರ್ತಿಯ ಮೇಲೆ ಸಂಶಯಪಟ್ಟಳು. ನಾನು ಓಣಿಯಲ್ಲಿ ಹಳೆಯ ಜರತಾರಿ ಸೀರೆ ತೆಗೆದುಕೊಂಡು ಪಾತ್ರೆ ಕೊಡುವವಳ ಮೇಲೆ. ಅವಳು ಆ ತಿಂಗಳು ಊರಿಗೇ ಬಂದಿರಲಿಲ್ಲ. ಹೀಗೆ ಇಬ್ಬರೂ ತಲೆ ಕೆಡಿಸಿಕೊಂಡಿರುವಾಗ ಒಂದು ಮಧ್ಯಾಹ್ನ ಅತ್ತೆ ಎಲೆ ಹಾಕಿಕೊಳ್ಳಲು ಸೊಂಟದಿಂದ ಅಡಿಕೆಯ ಸಂಚಿ ತೆಗೆದರು. ಅದರ ದಾರಕ್ಕೆ ಒಂದು ಎಳೆ ಸಿಕ್ಕಿಕೊಂಡಿತ್ತು. ಹಸಿರು ಎಳೆ. ಬಿಳಿ ಸೀರೆ ಉಡುವ ಅತ್ತೆಯ ಸಂಚಿಯಲ್ಲಿ ಹಸಿರು ಎಳೆ ಎಲ್ಲಿಂದ ಬರಬೇಕು?

ಸೀಗಿ ಹುಣ್ಣಿಮೆಯ ಮುಂಚೆ ಅವರೇ ಒಮ್ಮೆ ನನ್ನ ಟ್ರಂಕಿನೊಳಗೆ ನೋಡಿ, "ಈ ಜಾಳ ಸೀರಿ ಇಟಗೊಂಡ ಏನ ಮಾಡ್ತಿ?" ಎಂದು ಕೇಳಿದ್ದು ನೆನಪಾಯಿತು. ಮಾರಿಬಿಟ್ಟರೇ? ಪಾತ್ರೆಗೆ ಹಾಕಲು ಇಟ್ಟಿದ್ದಾರೆಯೇ? ಹಾಕಿದ ಮೇಲೆ ಅದು ಯಾವ ಊರಿನ ಯಾವ ಮೂಲೆಗೆ ಹೋಗುತ್ತದೋ, ಅವ್ವನ ವಾಸನೆ ಮತ್ತೆ ಸಿಗುವುದಿಲ್ಲ.

ಮಾರನೆಯ ಬೆಳಿಗ್ಗೆ ನಿಮ್ಮ ಅಜ್ಜ ಸಾಲೆಗೆ ಹೋದ ಮೇಲೆ ಅತ್ತೆ ಕೈಚೀಲ ಹಿಡಿದು ಹೊರಟು ನಿಂತರು.

"ತೊರವಿಗಿ ಹೋಗಿ ದೇವರಿಗಿ ಕಾಯಿ ಒಡಿಸಿಕೊಂಡ ಬರ್ತೀನಿ. ನೀ ಮನ್ಯಾಗ ಇರು. ಬಸ್ಸಿನ ವಾಸನಿ ನಿನಗ ಒಗ್ಗೂದಿಲ್ಲ."

ಅದೂ ನಿಜವೇ. ಆ ದಿನಗಳಲ್ಲಿ ನನಗೆ ಬೆಳಗಾದರೆ ಹೊಟ್ಟೆ ತೊಳೆಸುತ್ತಿತ್ತು. ತಲೆ ಆಡಿಸಿದೆ. ಆದರೆ ಅತ್ತೆ ಬಾಗಿಲು ದಾಟಿದ ಮೇಲೆ ದೇವರ ಮಾಡದ ಕಡೆ ನೋಡಿದೆ. ತೆಂಗಿನಕಾಯಿ ಅಲ್ಲೇ ಕೂತಿತ್ತು. ಕೈಚೀಲವೂ ಮೆತ್ತಗೆ ಚಪ್ಪಟೆಯಾಗಿತ್ತು, ಒಳಗೆ ಕಾಯಿಯಷ್ಟು ದುಂಡನೆಯದು ಏನೂ ಇರಲಿಲ್ಲ. ಕಾಯಿ ಇಲ್ಲದೆ ಕಾಯಿ ಒಡೆಸುವುದು ಹೇಗೆ?

ಗೋಡೆ ಹಾರಿದೆನೋ ಏನೋ, ಮಾಬೂಬಿಯ ಮನೆಯಲ್ಲಿ ನಿಂತಿದ್ದೆ. ಕೇಳಿದ ಕೂಡಲೇ ಅವಳು ಕುಣಿದಾಡಿದಳು.

"ನೀ ಹೋಗಬೇಕ ಅಕ್ಕಾ. ಈಗ ಬಿಟ್ರ ಸೀರಿ ಹೋತ."

"ಅದ ಬಸ್ಸಿನ್ಯಾಗ ಹೆಂಗ ಹೋಗಲಿ? ನೋಡಿಬಿಡ್ತಾರ."

"ಚಂಪಾ ಯಾಸ ಹಾಕಲಿಲ್ಲೇನು?" ಎಂದವಳೇ ನನ್ನ ವೇಷಕ್ಕೆಂದು ಒಳಗೆ ಓಡಿ, ಅವಳ ಅತ್ತೆ ಪೇಟೆಗೆ ಹೋಗುವಾಗ ಹಾಕಿಕೊಳ್ಳುವ ಕರಿಯ ಬುರ್ಕಾ ತಂದಳು. ನನ್ನ ತಲೆಯ ಮೇಲಿಂದ ಇಳಿಬಿಟ್ಟಳು. ಬಳೆಗಳನ್ನು ಬುರ್ಕಾದ ತೋಳಿನೊಳಕ್ಕೆ ಸೇರಿಸಿದಳು. ಹಿಂದೆ ಸರಿದು ನೋಡಿ, "ನನ್ನ ಅತ್ತಿ ಬಂದಳು ಅಂತ ನನಗ ಹೆದರಿಕಿ ಆತ ನೋಡ," ಎಂದು ನಕ್ಕಳು. "ಯಾರರ ಉರ್ದುದಾಗ ಮಾತಾಡಿಸಿದ್ರ ಹಾಂ ಅನ್ನು, ಇಲ್ಲಾ ನಹಿ ಅನ್ನು. ಮೂರನೇ ಮಾತ ಬ್ಯಾಡ. ಮನಿ ನಾ ನೋಡಕೋತೀನಿ."

ಬಳೆ ಮಾರುವವಳಿಗೆ ಎಂದು ನಿಮ್ಮ ಅಜ್ಜ ಕೊಟ್ಟಿದ್ದ ಚಿಲ್ಲರೆ ಸೆರಗಿನ ಗಂಟಿನಲ್ಲಿತ್ತು. ಅದನ್ನೇ ಗಟ್ಟಿ ಹಿಡಿದು ಬಸ್ಸಿಗೆ ಓಡಿದೆ. ಆವರೆಗೆ ನಾನು ಒಬ್ಬಳೇ ಬಾವಿಗಿಂತ ಆಚೆ ಹೋದವಳಲ್ಲ. ಹೆದರಿಕೆಯಿತ್ತು, ಆದರೆ ಸುಳ್ಳು ಹೇಳಬಾರದು, ಒಳಗೊಳಗೆ ಒಂದು ಥರದ ಉತ್ಸಾಹವೂ ಇತ್ತು. ಆ ಕರಿಯ ಬಟ್ಟೆಯ ಜಾಳಿಗೆಯೊಳಗಿಂದ ನಾನು ಎಲ್ಲರನ್ನೂ ನೋಡಬಹುದಿತ್ತು, ನನ್ನನ್ನು ಯಾರೂ ನೋಡುವ ಹಾಗಿರಲಿಲ್ಲ. ನಾಚುವವರಿಗೆ ಅದಕ್ಕಿಂತ ಹೆಚ್ಚಿನ ಸುಖ ಏನಿದೆ?

ಬಸ್ಸು ತುಂಬಿತ್ತು. ಹೆಂಗಸರ ಕಡೆ ಒಂದೇ ಜಾಗ ಖಾಲಿ, ಅದೂ ಅತ್ತೆಯ ಪಕ್ಕದಲ್ಲಿ. ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ಅತ್ತೆಯೇ ಸರಿದು ಕೂತು, "ಬಾರವ್ವಾ, ಕೂಡು," ಅಂದರು. ಕೂತೆ. ಬಸ್ಸು ಹೊರಟಿತು. ಅತ್ತೆ ಚೀಲದಿಂದ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದರು.

"ತಿನ್ನವ್ವಾ. ನನ್ನ ಸೊಸಿನೂ ನಿನ್ನಂಗ ಹುಡುಗಿ. ಬಾಯಾಗ ಮಾತಿಲ್ಲ. ಮೂಗ ಬಸವಣ್ಣ ಮನಿಗಿ ಬಂದಂಗ ಬಂದಾಳ."

"ಹಾಂ," ಅಂದೆ.

"ಕೆಲಸಾ ಚೊಲೋ ಮಾಡ್ತಾಳ. ಆದ್ರ ಹಿಟ್ಟ ನೆಲಕ್ಕ ಚೆಲ್ತಾಳ. ನಿಮ್ಮ ಕಡೆ ಹಂಗ ಚೆಲ್ತಾರೇನು?"

"ನಹಿ," ಅಂದೆ.

ಬಸ್ಸಿನ ವಾಸನೆಗೆ ಹೊಟ್ಟೆ ತೊಳೆಸತೊಡಗಿತು. ಬುರ್ಕಾದೊಳಗೆ ಬಾಯಿ ಮುಚ್ಚಿಕೊಂಡೆ. ಅತ್ತೆ ಚೀಲದಲ್ಲಿ ಕೈ ಹಾಕಿ ಒಂದು ಲಿಂಬೆಹಣ್ಣು ತೆಗೆದು, "ಇದನ್ನ ಮೂಸಕೋತ ಕೂಡು," ಎಂದು ನನ್ನ ಕೈಗಿಟ್ಟರು. ಯಾರೋ ಗುರುತಿಲ್ಲದ ಹೆಂಗಸಿಗೆ ಇಷ್ಟು ಪ್ರೀತಿ ತೋರಿಸುವವರು ನನ್ನೊಂದಿಗೆ ಯಾಕೆ ನಾಲ್ಕು ಮಾತಾಡುವುದಿಲ್ಲ ಎಂದು ಅಷ್ಟರಲ್ಲೂ ದುಃಖವಾಯಿತು.

ತೊರವಿ ಬಂತು. ಜನ ಇಳಿದರು. ಅತ್ತೆ ಇಳಿಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಶೇಂಗಾ ಬಿಡಿಸುತ್ತಲೇ ಇದ್ದರು. ಸುಳ್ಳು ಸಿಕ್ಕಿಬಿದ್ದಿತ್ತು.

ವಿಜಯಪುರದಲ್ಲಿ ಇಳಿದ ಅತ್ತೆ ಟಾಂಗಾ ಹತ್ತಿದರು. ನಾನು ಹಿಂದಿನ ಟಾಂಗಾ ಹತ್ತಿದೆ. ಟಾಂಗಾದವನು ಉರ್ದುವಿನಲ್ಲಿ ಏನೋ ಕೇಳಿದ. ಹಾಂ ಅಂದೆ. ಮತ್ತೇನೋ ಕೇಳಿದ. ನಹಿ ಅಂದೆ. ಅವನು ತಿರುಗಿ ನನ್ನನ್ನೇ ನೋಡತೊಡಗಿದಾಗ ಮುಂದಿನ ಟಾಂಗಾಕ್ಕೆ ಬೆರಳು ತೋರಿಸಿದೆ. "ಅಚ್ಛಾ, ಅದರ ಹಿಂದ?" ಎಂದು ಕನ್ನಡಕ್ಕೆ ಇಳಿದ. ಅವನ ಕುದುರೆಗೋ ಅವಸರವೇ ಇಲ್ಲ. ಸೊಪ್ಪಿನ ಗಾಡಿ ಕಂಡಲ್ಲೆಲ್ಲ ನಿಲ್ಲುವುದು, ಒಂದು ಬಾಯಿ ಹಾಕುವುದು, ಸೊಪ್ಪಿನವಳು ಬೈಯುವುದು.

"ಲಗೂ ಹೊಡೀರಿ, ಹೋಗಿಬಿಟ್ರು," ಎಂದು ನನಗೇ ತಿಳಿಯದೆ ಬಾಯಿಂದ ಬಂತು.

"ಯವ್ವಾ, ಕುದರಿ ನಾಷ್ಟಾ ಮಾಡಿಲ್ಲ. ನೀ ಸಿಟ್ಟ ಮಾಡಿದ್ರ ಅದು ಓಡತೈತೇನು?" ಎಂದು ಅವನು ಚಾವಟಿ ಎತ್ತಿದ. ಕುದುರೆ ಒಮ್ಮೆಲೇ ಎಗರಿತು. ನಾನು ಹಿಂದಕ್ಕೆ ವಾಲಿ ಬಿದ್ದೆ, ಬುರ್ಕಾ ಮುಖದ ಮೇಲೆ ತಿರುಚಿಕೊಂಡು ಜಾಳಿಗೆ ಕಿವಿಗೆ ಬಂತು. ಒಂದು ಕೈಯಲ್ಲಿ ಲಿಂಬೆಹಣ್ಣು, ಒಂದು ಕೈಯಲ್ಲಿ ಟಾಂಗಾದ ಕಂಬಿ, ಕಣ್ಣಿಗೆ ಬರೀ ಕತ್ತಲು. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಬಟ್ಟೆ ಬಜಾರು ಬಂದಿತ್ತು.

ಅತ್ತೆ ಒಂದು ಹೊಲಿಗೆ ಅಂಗಡಿಯ ಮುಂದೆ ನಿಂತಿದ್ದರು. ಎದುರಿಗೆ ಹೂ ಮಾರುವ ಒಬ್ಬ ಮುದುಕಿ ಕೂತಿದ್ದಳು. ಅವಳ ಬುಟ್ಟಿಯ ಮಗ್ಗುಲಲ್ಲಿ ನಿಂತು ನೋಡಿದೆ. ಅತ್ತೆ ಕೈಚೀಲದಿಂದ ಒಂದು ಬಟ್ಟೆ ತೆಗೆದು ಹಲಗೆಯ ಮೇಲೆ ಹರಡಿದರು. ಹಸಿರು ಮೈ, ಕೆಂಪು ಸೆರಗು. ನನ್ನ ಅವ್ವನ ಸೀರೆ. ಅಂಗಡಿಯ ಮುದುಕ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಕತ್ತರಿ ಎತ್ತಿಕೊಂಡ. ಬಾಯಿ ತೆರೆದ ಕತ್ತರಿ ಸೀರೆಯ ಅಂಚಿಗೆ ಬಂದು ಕಚಕ್ ಅಂದಿತು.

ಆಮೇಲೆ ಏನಾಯಿತೋ ನನಗೆ ನೆಟ್ಟಗೆ ನೆನಪಿಲ್ಲ. ಮುಖದ ಮೇಲಿನ ಬಟ್ಟೆ ಹಿಂದಕ್ಕೆ ಎಸೆದು ಅಂಗಡಿಯ ಕಟ್ಟೆ ಹತ್ತಿದ್ದೆ.

"ಕತ್ತರಿ ಕೆಳಗಿಡ್ರಿ. ಅದು ನಮ್ಮವ್ವನ ಸೀರಿ. ಕಳವ ಮಾಡಿ ತಂದಾರ."

ಅಷ್ಟು ದೊಡ್ಡ ದನಿ ನನ್ನ ಕೊರಳಿನಿಂದ ಬಂತೆಂದು ನಾನೇ ನಂಬಲಿಲ್ಲ. ಬಜಾರೇ ತಿರುಗಿ ನೋಡಿತು. ಕತ್ತರಿ ಹಿಡಿದವನು ಕತ್ತರಿಯೊಂದಿಗೆ ಹಾಗೇ ನಿಂತ. ಅತ್ತೆ ಮಾತ್ರ ಬೆಚ್ಚಲಿಲ್ಲ. ನನ್ನನ್ನು ನೋಡಿ ಹುಬ್ಬು ಏರಿಸಿದರು, ಅಷ್ಟೇ. ಜನ ಸೇರಿತು. ಜನರ ನಡುವಿನಿಂದ ಒಬ್ಬ ಪೊಲೀಸನೂ ಬಂದ.

"ಏನಿದು ಗದ್ದಲಾ? ಸೀರಿ ಯಾರದು?"

"ನಮ್ಮವ್ವಂದು."

ಅವನು ಇಳಕಲ್ಲ ಸೀರೆ ನೋಡಿದ, ನನ್ನ ಬುರ್ಕಾ ನೋಡಿದ. "ನಿನ್ನ ಹೆಸರೇನು?"

"ಶಾಂತವ್ವ."

"ಬುರ್ಕಾದಾಗ ಶಾಂತವ್ವ," ಎಂದು ಅವನು ಮೀಸೆ ಮುಟ್ಟಿಕೊಂಡ. ಜನ ನಕ್ಕರು. "ಕಳವ ಮಾಡಿದವರ ಯಾರು?"

ಅತ್ತೆಯ ಕಡೆ ಬೆರಳು ತೋರಿಸಿದೆ.

"ಈ ಮುದುಕಿ ನಿನಗೇನಾಗಬೇಕು?"

"ಅತ್ತಿ."

ಈಗ ಬಜಾರಕ್ಕೆ ಬಜಾರೇ ನಕ್ಕಿತು. ಪೊಲೀಸ ಕೈ ಎತ್ತಿ ಸುಮ್ಮನಿರಿಸಿದ. "ನಗಬ್ಯಾಡ್ರಿ, ಇದು ಬಗಿಹರಿಯೂ ಪ್ರಕರಣ ಅಲ್ಲ. ಗಂಡನ ಹೆಸರ ಹೇಳವಾ, ಕರಸೂಣು."

ನನ್ನ ಬಾಯಿ ಕಟ್ಟಿತು. ಮಕ್ಕಳೇ, ನಿಮಗೆ ಇದು ವಿಚಿತ್ರ ಅನಿಸಬಹುದು. ಆಗ ನಾವು ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಹೆಸರು ನನ್ನ ನಾಲಿಗೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ತಲೆ ತಗ್ಗಿಸಿ ನಿಂತೆ.

"ಗಂಡನ ಹೆಸರ ಗೊತ್ತಿಲ್ಲ, ಅತ್ತಿ ಮ್ಯಾಲ ಕಳವ. ಇಬ್ಬರೂ ನಡೀರಿ ಚೌಕಿಗಿ."

ಆಗ ಹೂವಿನ ಮುದುಕಿ ನನ್ನ ಬುರ್ಕಾದ ತುದಿ ಹಿಡಿದು ಎಳೆದಳು.

"ಒಡಪ ಹಾಕಿ ಹೇಳ ಬೇ. ಒಡಪಿನ್ಯಾಗ ಹೇಳಿದ್ರ ಏನೂ ಆಗೂದಿಲ್ಲ."

ಒಡಪು ಅಂದರೆ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು. ಮದುವೆಮನೆಯಲ್ಲಿ ಎಲ್ಲ ಹೆಂಗಸರೂ ಬಾಗಿಲು ಅಡ್ಡಗಟ್ಟಿ ಒಡಪು ಹೇಳೆಂದು ಕಾಡಿದಾಗಲೂ ನಾನು ಹೇಳಿರಲಿಲ್ಲ, ಅತ್ತುಬಿಟ್ಟಿದ್ದೆ. ಈಗ ಎದುರಿಗೆ ಪೊಲೀಸ, ಹಿಂದೆ ಬಜಾರು, ಹಲಗೆಯ ಮೇಲೆ ಒಂದು ಗೇಣು ಕತ್ತರಿಸಿದ ಅವ್ವನ ಸೀರೆ. ಕಣ್ಣು ಮುಚ್ಚಿದೆ. ಬಂದದ್ದು ಬರಲಿ ಎಂದು ಅಲ್ಲೇ ಕಟ್ಟಿ ಹೇಳಿದೆ.

"ಗೋಳಗುಮ್ಮಟದಾಗ ಒಂದ ಮಾತಿಗಿ ಏಳ ದನಿ,
ಮಲ್ಲಪ್ಪ ಮಾಸ್ತರ ಹೆಸರಿಲೆ ಬೆಳಗತೈತಿ ನನ್ನ ಮನಿ."

ಚಪ್ಪಾಳೆ ಶುರುವಾಯಿತು. ಯಾರೋ ಸಿಳ್ಳೆ ಹಾಕಿದರು. "ಬುರ್ಕಾದಾಗ ಒಡಪ ಹೇಳಿದಾಕಿನ್ನ ಇವತ್ತ ನೋಡಿದ್ನಿ," ಎಂದು ಟಾಂಗಾದವನು ಎಲ್ಲರಿಗೂ ಕೂಗಿ ಹೇಳಿದ. ಕಣ್ಣು ತೆರೆದು ನೋಡಿದರೆ ನನ್ನ ಅತ್ತೆ ನಗುತ್ತಿದ್ದರು. ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ. ನಾನು ಆ ಮನೆಗೆ ಬಂದ ಮೇಲೆ ಅವರು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ನಗು ನಿಂತ ಮೇಲೆ ಅವರು ಹತ್ತಿರ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಹುಚ್ಚಿ, ನಿನಗ ಮೂರ ತಿಂಗಳ ತುಂಬಾಕ ಬಂದಾವ. ಕಳ್ಳ ಕುಬಸಾ ತರಾಕ ನಿಮ್ಮವ್ವ ಇಲ್ಲ. ಆಕಿ ಸೀರ್ಯಾಗಿಂದ ಕುಬಸಾ ಹೊಲಿಸಿದ್ರ ಆಕೀನ ತಂದಂಗ ಆಗತೈತಿ ಅಂತ ತಂದೀನಿ. ಸೆರಗಿನ ಕಡೆ ಅರಿವಿ ಇನ್ನೂ ಗಟ್ಟಿ ಐತಿ. ಮುತ್ತೈದಿಯಾಗಿ ಹೋದಾಕಿ ನಿಮ್ಮವ್ವ, ಆಕಿ ಸೀರಿಗಿಂತ ಹೆಚ್ಚಿನ ಸೀರಿ ಯಾವ ಅಂಗಡ್ಯಾಗ ಸಿಗತೈತಿ?"

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಲಿ. ಚೊಚ್ಚಲ ಬಸಿರಿಗೆ ಮೂರನೆಯದೋ ಐದನೆಯದೋ ತಿಂಗಳಲ್ಲಿ ತವರಿನವರು ಸದ್ದಿಲ್ಲದೆ ಬಂದು ಹಸಿರು ಕುಬಸ, ಅಂದರೆ ರವಿಕೆ, ತೊಡಿಸುತ್ತಾರೆ. ಅದೇ ಕಳ್ಳ ಕುಬಸ. ದೃಷ್ಟಿ ತಾಗಬಾರದೆಂದು ಓಣಿಗೂ ತಿಳಿಸುವುದಿಲ್ಲ, ತೊಡುವವಳಿಗೂ ಮುಂಚೆ ಹೇಳುವುದಿಲ್ಲ. ಊರಿಗೆಲ್ಲ ತಿಳಿಸಿ ಮಾಡುವ ದೊಡ್ಡ ಕುಬಸ ಏಳನೆಯ ತಿಂಗಳಿಗೆ. ನನಗೆ ಇದೆಲ್ಲ ಗೊತ್ತಿತ್ತು. ಆದರೆ ಅವ್ವನೇ ಇಲ್ಲದ ಮೇಲೆ ನನಗೆ ಯಾರು ತರುತ್ತಾರೆ ಎಂದು ಅದರ ಆಸೆಯನ್ನೇ ಬಿಟ್ಟಿದ್ದೆ. ಹಾಗಾಗಿ ನಾಲ್ಕೂ ಕಡೆ ಹುಡುಕಿದವಳು ಆ ಒಂದು ಕಡೆ ನೋಡಲೇ ಇಲ್ಲ.

"ಏನಂದ್ಲು ಮುದುಕಿ?" ಎಂದು ಪೊಲೀಸ ಕೇಳಿದ.

ನಾನು ಹೇಳುವ ಹಾಗಿಲ್ಲ. ಅತ್ತೆಯೂ ಹೇಳುವ ಹಾಗಿಲ್ಲ. ಇಬ್ಬರೂ ತುಟಿ ಬಿಗಿದು ನಿಂತೆವು.

"ಗುಟ್ಟಿನ ಮಾತ ಇದ್ರ ಚೌಕಿಯೊಳಗ ಹೇಳ್ರಿ, ನಡೀರಿ."

ಹೂವಿನ ಮುದುಕಿ ಹಲಗೆಯ ಮೇಲಿನ ಹಸಿರು ಬಟ್ಟೆ ನೋಡಿದಳು, ನನ್ನ ಕೈಯಲ್ಲಿನ ಲಿಂಬೆಹಣ್ಣು ನೋಡಿದಳು, ನನ್ನ ಮುಖ ನೋಡಿದಳು. ಎದ್ದು ನಿಂತು ತನ್ನ ಸೀರೆ ಕೊಡವಿಕೊಂಡಳು.

"ಹೋಗಪ್ಪಾ ಹೋಗ. ಇದು ಪೊಲೀಸರ ಕೆಲಸ ಅಲ್ಲ, ಸೂಲಗಿತ್ತಿ ಕೆಲಸ."

ಪೊಲೀಸ ಮೊದಲು ತಿಳಿಯದೆ ನಿಂತ, ತಿಳಿದ ಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ಹೋಗೇಬಿಟ್ಟ. ಜನವೂ ಕರಗಿತು. ಮುದುಕಿ ಒಂದು ಮೊಳ ಸೇವಂತಿಗೆ ನನ್ನ ಮಡಿಲಿಗೆ ಹಾಕಿದಳು. ಹೊಲಿಗೆಯವನು ಬೇರೆಯವರ ಕೆಲಸ ಬದಿಗಿಟ್ಟು ಅಲ್ಲೇ ಕೂತು ಕುಬಸ ಹೊಲಿದು ಕೊಟ್ಟ.

ಅಲ್ಲಿಂದ ನಾವಿಬ್ಬರೂ ಬಬಲೇಶ್ವರದ ಬಸ್ಸು ಹತ್ತಿದೆವು. ಅಲ್ಲಿ ನನ್ನ ಅವ್ವನ ತಂಗಿ, ನನ್ನ ಚಿಗವ್ವ ಇದ್ದಳು. ಕುಬಸ ಅವಳಿಗೆ ಮುಟ್ಟಿಸಿ, ಬರುವ ಸೋಮವಾರ ಅವಳು ಟಿಕೋಟಾಕ್ಕೆ ತರುವಂತೆ ಅತ್ತೆ ಮೊದಲೇ ಮಾತಾಡಿದ್ದರಂತೆ. ನಿಮ್ಮ ಅಜ್ಜನಿಗೂ ಎಲ್ಲ ಗೊತ್ತಿತ್ತಂತೆ. ನನಗೆ ಮುಖ ಎತ್ತಲು ಆಗಲಿಲ್ಲ. ಬಸ್ಸಿನಲ್ಲಿ ಬುರ್ಕಾ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದೆ.

"ತಪ್ಪಾತರಿ ಅತ್ತಿ. ನಾ ನಿಮಗ ಗುರತಾ ಸಿಗಲಿಲ್ಲ ಅನಕೊಂಡಿದ್ದೆ."

"ಟಿಕೋಟಾ ದಾಟೂದ್ರಾಗ ಗುರತ ಹಿಡದೀನಿ. ಬುರ್ಕಾದ ಕೆಳಗ ನಾ ಕೊಡಿಸಿದ ಕಾಲುಂಗರ. ಮುಖ ನೋಡಬಾರದು, ಕಾಲ ನೋಡಬೇಕು ಅಂತ ನಿಮ್ಮ ಚಂಪಾ ಹೇಳಿಲ್ಲೇನು?"

ನಾನು ಬೆರಗಾಗಿ ಅವರ ಮುಖ ನೋಡಿದೆ.

"ಮಧ್ಯಾಹ್ನ ದಿನಾ ನಿದ್ದಿ ಬರತೈತೇನು ಮುದುಕರಿಗೆ?" ಅಂದರು ಅತ್ತೆ. "ಗೌಡಗ ಕೊಡಿಲೆ ಹೊಡದಾಗ ನಗು ತಡ್ಯಾಕ ನಾ ಸೆರಗ ಕಚ್ಚಿದ್ನಿ. ಎಷ್ಟ ದೂರ ಬರ್ತಿ ನೋಡೂಣು ಅಂತ ಸುಮ್ಮನಿದ್ನಿ. ನೀ ಬಾಯಿ ತಗೀತಿ ಅಂತ ಮಾತ್ರ ತಿಳದಿರಲಿಲ್ಲ. ಅದೊಂದ ತಪ್ಪಿದ್ನಿ."

ಚಿಗವ್ವ ನಮ್ಮನ್ನು ನೋಡಿ ಗಾಬರಿಯಾದಳು. ಎಲ್ಲ ಕೇಳಿದ ಮೇಲೆ ಬಾಗಿಲು ಹಾಕಿಕೊಂಡು, "ಯಾರಿಗೂ ಗೊತ್ತಾಗಿಲ್ಲ ಹೌದಲ್ಲೋ?" ಎಂದು ಕೇಳಿದಳು.

"ಯಾರಿಗೂ ಇಲ್ಲ ಬಿಡ. ಇಜಾಪುರ ಬಜಾರಕ್ಕಷ್ಟ ಗೊತ್ತೈತಿ," ಅಂದರು ಅತ್ತೆ.

ಸೋಮವಾರದವರೆಗೆ ಕಾಯುವುದು ಬೇಡವೆಂದು ಚಿಗವ್ವ ಹೊತ್ತು ಮುಳುಗುವ ಮುಂಚೆಯೇ ಗೋಧಿ ಹುಗ್ಗಿ ಮಾಡಿದಳು. ನನ್ನನ್ನು ಮಣೆಯ ಮೇಲೆ ಕೂಡ್ರಿಸಿ ಅರಿಷಿಣ ಕುಂಕುಮ ಹಚ್ಚಿ ಕುಬಸ ತೊಡಿಸಿದಳು. ಕೆಂಪು ಅಂಚು ತೋಳಿಗೆ ಬಂದಿತ್ತು. ಮುಖ ತಗ್ಗಿಸಿದರೆ ಅದೇ ವಾಸನೆ, ಒಲೆಯ ಹೊಗೆ, ಕೊಬ್ಬರಿ ಎಣ್ಣೆ. ಅವ್ವ ಹತ್ತಿರ ಬಂದು ನಿಂತ ಹಾಗೇ ಆಯಿತು. ಅತ್ತೆ ಎಲ್ಲಿ ಎಂದು ನೋಡಿದೆ. ಅವರು ಒಳಗೆ ಬಂದಿರಲಿಲ್ಲ. ವಿಧವೆ ಎಂದು ಹೊಸ್ತಿಲ ಆಚೆ ಗೋಡೆಗೆ ಒರಗಿ ನಿಂತಿದ್ದರು. ಇದಿಷ್ಟನ್ನೂ ನಡೆಸಿದವರು ಅವರು, ನೋಡುತ್ತಿದ್ದದ್ದು ಮಾತ್ರ ಬಾಗಿಲ ಸಂದಿಯಿಂದ.

ಚಿಗವ್ವ ಕುಬಸದ ಎರಡು ತುದಿ ಹಿಡಿದು ಮುಂದೆ ಗಂಟು ಕಟ್ಟಲು ಹೋದಳು. ನಾನು ಅವಳ ಕೈ ಹಿಡಿದೆ.

"ಗಂಟ ನಮ್ಮ ಅತ್ತಿ ಕಟ್ಟಲಿ."

ಚಿಗವ್ವ ಕಣ್ಣು ಕಣ್ಣು ಬಿಟ್ಟಳು. "ಸುಮ್ಮನಿರ ಬೇ, ನಡೀತೈತೇನು ಹಂಗ?" ಅಂದರು ಅತ್ತೆ ಹೊರಗಿನಿಂದಲೇ.

"ನೀವ ಕಟ್ಟಲಿಲ್ಲಂದ್ರ ಹೀಂಗ ಕೂಡ್ತೀನಿ. ಬೇಕಾದ್ರ ಪೊಲೀಸನ್ನ ಕರೀರಿ," ಅಂದೆ.

ಒಂದೇ ದಿನ ಎರಡು ಸಲ ನನ್ನ ದನಿ ಎದ್ದಿತ್ತು. ಚಿಗವ್ವ ಮೊದಲು ನಕ್ಕಳು, ಆಮೇಲೆ ಬಾಗಿಲು ಪೂರ್ತಿ ತೆರೆದಳು. ಅತ್ತೆ ಹೊಸ್ತಿಲು ದಾಟಿ ಬಂದು ನನ್ನ ಎದುರು ಕೂತರು. ಅಷ್ಟು ಗಟ್ಟಿ ಹೆಂಗಸು, ಎತ್ತು ಹೂಡುವವರು, ಆ ಒಂದು ಗಂಟು ಕಟ್ಟಲು ಅವರ ಬೆರಳು ನಡುಗಿದವು.

ಮರುದಿನ ನಾವು ಟಿಕೋಟಾ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಬಬಲೇಶ್ವರಕ್ಕೆ ಹೋಗಿ ಬರುತ್ತೇವೆಂದು ನಿಮ್ಮ ಅಜ್ಜನಿಗೆ ತಿಳಿಸಲು ಅತ್ತೆ ಟಿಕೋಟಾ ಬಸ್ಸಿನ ಕಂಡಕ್ಟರನಿಗೆ ಹೇಳಿದ್ದರು. ಅವನು ಅದನ್ನೊಂದೇ ಹೇಳಲಿಲ್ಲ, ಟಾಂಗಾದವನಿಂದ ಕೇಳಿದ ಬಜಾರದ ಕತೆಯನ್ನೂ ಹೇಳಿದ್ದ. ಸಾಲೆಯ ಹುಡುಗರು ನಮ್ಮ ಮನೆಯ ಮುಂದೆ "ಗೋಳಗುಮ್ಮಟದಾಗ ಒಂದ ಮಾತಿಗಿ" ಎಂದು ಹಾಡಿಕೊಂಡು ಹೋಗುತ್ತಿದ್ದರು. ನಿಮ್ಮ ಅಜ್ಜ ಬಾಗಿಲಲ್ಲೇ ಕೂತಿದ್ದರು.

"ನನ್ನ ಹೆಸರ ಹೇಳಾಕ ಇಜಾಪುರ ಬಜಾರಕ್ಕ ಹೋಗಬೇಕಾಗಿತ್ತೇನು? ಮನ್ಯಾಗ ಹೇಳಿದ್ರ ಟಾಂಗಾ ಖರ್ಚರ ಉಳೀತಿತ್ತು," ಅಂದರು. ನಾನು ಒಳಗೆ ಓಡಿದೆ.

ಬುರ್ಕಾ ಹಿಂದಿರುಗಿಸಿದಾಗ ಮಾಬೂಬಿ ನನ್ನಿಂದ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿಸಿಕೊಂಡಳು, ಮತ್ತೆ ಮೊದಲಿನಿಂದ ಹೇಳಿಸಿಕೊಂಡಳು. ಕಾಲುಂಗರದ ಮಾತಿಗೆ ಬಂದಾಗ ಹಣೆ ಬಡಿದುಕೊಂಡು, "ಅಯ್ಯ, ಬಳಿ ನೋಡಿದ್ನಿ, ಕಾಲ ಮರತ್ನಿ," ಅಂದಳು.

ಪುಸ್ತಕದ ಕೊನೆಯ ಅಧ್ಯಾಯ ಇನ್ನೂ ಉಳಿದಿತ್ತು. ಆ ಮಧ್ಯಾಹ್ನ ಹಿತ್ತಲಿನಲ್ಲಿ ಪುಸ್ತಕ ತೆಗೆದಾಗ ಗೋಡೆಯ ಆಚೆಯಿಂದ ಅತ್ತೆ ತಮ್ಮ ಚಾಪೆ ಎತ್ತಿಕೊಂಡು ಬಂದು ನಮ್ಮ ನಡುವೆ ಹಾಸಿದರು.

"ಜರಾ ಜೋರಾಗಿ ಓದ. ನಿನಗ ದನಿ ಐತಿ ಅಂತ ಈಗ ಗೊತ್ತಾಗೇತಿ."

ಚಂಪಾ ಕೊನೆಗೂ ಕಳ್ಳನನ್ನು ಹಿಡಿದಳು. ಅತ್ತೆ ಮಾತ್ರ, ಅವಳಿಗಿಂತ ನಮ್ಮ ಸೊಸೆಯೇ ಲಗೂ ಹಿಡಿದಳು ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದರು.

ಮುಂದಿನ ಬೇಸಿಗೆಯಲ್ಲಿ ಹುಟ್ಟಿದವನೇ ನಿಮ್ಮ ಅಪ್ಪ. ಉಳಿದ ಸೀರೆಯಿಂದ ಅತ್ತೆ ಕೌದಿ ಹೊಲಿದರು, ಅವನು ಅದರಲ್ಲೇ ಮಲಗಿ ಬೆಳೆದ. ಈಗ ಅತ್ತೆ ಇಲ್ಲ, ಮಾಬೂಬಿ ಇಲ್ಲ, ನಿಮ್ಮ ಅಜ್ಜನೂ ಇಲ್ಲ. ಕುಬಸ ನನ್ನ ಟ್ರಂಕಿನಲ್ಲಿದೆ. ಶುಭಕಾರ್ಯಗಳಲ್ಲಿ ನಾನೂ ಬಾಗಿಲ ಹತ್ತಿರ ನಿಲ್ಲುತ್ತೇನೆ. ಆದರೆ ಒಳಗಿನಿಂದ ಯಾರಾದರೂ ಕರೆದರೆ ನಡೆಯುವುದಿಲ್ಲ ಎಂದು ಹೇಳುವುದಿಲ್ಲ, ಹೊಸ್ತಿಲು ದಾಟಿ ಹೋಗುತ್ತೇನೆ. ನಡುಗುತ್ತಿದ್ದ ಆ ಬೆರಳುಗಳು ನೆನಪಾಗುತ್ತವೆ.

ಇನ್ನೊಂದು ಅಭ್ಯಾಸ ಉಳಿದುಕೊಂಡಿದೆ. ವಿಜಯಪುರಕ್ಕೆ ಹೋಗುವಾಗ ಬಸ್ಸು ತೊರವಿಯಲ್ಲಿ ನಿಂತರೆ ನಿದ್ದೆಯಲ್ಲಿದ್ದರೂ ನನಗೆ ಎಚ್ಚರವಾಗುತ್ತದೆ. ಯಾರು ಇಳಿದರು, ಯಾರು ಇಳಿಯಲಿಲ್ಲ ಎಂದು ಒಮ್ಮೆ ತಿರುಗಿ ನೋಡುತ್ತೇನೆ.